ಮಹಮುದಾಳ ವಾಯರು

ಕುವೈತಿನಲ್ಲಿ ಯುದ್ಧ ಎದ್ದ ವರ್ಷ ಅಲ್ಲಿಂದ ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಜತ್ತಕ್ಕೆ ಓಡಿಬಂದವರು ನಾಲ್ಕಾರು ಮಂದಿ. ಒಬ್ಬ ಟೊಂಕಕ್ಕೆ ಬಂಗಾರ ಕಟ್ಟಿಕೊಂಡು ಬಂದ. ಇನ್ನೊಬ್ಬ ಬರಿಗೈಯಲ್ಲಿ ಬಂದು ತಾಯಿಯನ್ನು ತಬ್ಬಿಕೊಂಡು ಅತ್ತ. ನಮ್ಮ ಎದುರು ಮನೆಯ ಜಮೀರ ಮಾತ್ರ ಕಂಬಳಿಯಲ್ಲಿ ಒಂದು ಕಂಪ್ಯೂಟರ್ ಸುತ್ತಿಕೊಂಡು ಬಂದ. ನೋಡಲು ಬರೀ ಕೀಲಿಗಳ ಹಲಗೆ. ಅದನ್ನು ಮನೆಯ ಟಿವಿಗೆ ಜೋಡಿಸಿ ಕೀಲಿ ಒತ್ತಿದರೆ ಟಿವಿಯ ಮೇಲೆ ಅಕ್ಷರ ಬೀಳುತ್ತಿದ್ದವು, ಅಷ್ಟೆ. ಅವನು ಕೆಲಸಕ್ಕಿದ್ದ ಅಂಗಡಿಯ ಮಾಲಕ ಜೀವ ಉಳಿಸಿಕೊಂಡು ಓಡುವಾಗ, ಬೇಕಾದ್ದು ಒಯ್ಯಿ ಅಂದನಂತೆ. ಅಷ್ಟು ದೊಡ್ಡ ಅಂಗಡಿಯಲ್ಲಿ ಈ ಪುಣ್ಯಾತ್ಮನಿಗೆ ಬೇಕಾಗಿದ್ದು ಅದೊಂದೇ. ಓಣಿಯೆಲ್ಲ ನಕ್ಕಿತು. ನಾನೂ ನಕ್ಕೆ.

ನಾನು ವಿಜಯಶ್ರೀ, ಅರಿವೆ ಅಂಗಡಿಯವರ ಸೊಸೆ. ನಮ್ಮ ಬಾಗಿಲಿಗೆ ಅವರ ಬಾಗಿಲು ಎದುರು. ಜಮೀರನ ಹೆಂಡತಿ ಮಹಮುದಾ ಇಂಡಿ ಕಡೆಯವಳು, ಮ್ಯಾಟ್ರಿಕ್ ಪಾಸಾದವಳು, ನನಗಿಂತ ಸ್ವಲ್ಪ ಚಿಕ್ಕವಳು. ನನ್ನನ್ನು ವಿಜಕ್ಕ ಅನ್ನುತ್ತಿದ್ದಳು. ಅವಳ ವಿಷಯ ಹೇಳಬೇಕಾದರೆ ಆ ಕೀಲಿಹಲಗೆಯ ವಿಷಯ ಮೊದಲು ಹೇಳಬೇಕು, ಯಾಕೆಂದರೆ ಇಬ್ಬರೂ ಒಂದೇ ಕೋಣೆಯಲ್ಲಿ ಸೆರೆಯಾದವರು.

ಆ ಹಲಗೆಯ ಪ್ರತಿ ಕೀಲಿಯ ಮೇಲೆ ಇಂಗ್ಲಿಷಿನ ಪಕ್ಕದಲ್ಲಿ ಒಂದೊಂದು ಅರಬ್ಬಿ ಅಕ್ಷರವೂ ಇತ್ತು. ಜಮೀರನ ತಾಯಿಗೆ ಓದು ಬರಹ ಬಾರದು. ಆದರೆ ಕುರಾನಿನ ಆ ಅಕ್ಷರಗಳ ಗುರುತು ಚೆನ್ನಾಗಿ ಗೊತ್ತಿತ್ತು. ಎರಡೂ ಕೈಯಲ್ಲಿ ಅದನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡಳು.

"ಅಮ್ಮಿ, ಅದು ಮಷೀನು, ಕಿತಾಬ ಅಲ್ಲ" ಎಂದು ಜಮೀರ ತಿಳಿಸಿ ಹೇಳಿದ.

"ಅಲಿಫ್ ಅಂದ್ರ ಅಲಿಫೇ. ಕಾಗದದ ಮ್ಯಾಲ ಇದ್ರೇನು, ಪ್ಲಾಸ್ಟಿಕ್ ಮ್ಯಾಲ ಇದ್ರೇನು?" ಅಂದಳು ಆಕೆ.

ಅಲ್ಲಿಗೆ ಮಾತು ಮುಗಿಯಿತು. ಹಲಗೆ ಒಳಕೋಣೆಯ ಎತ್ತರದ ಮೇಜಿನ ಮೇಲೆ ಹಸಿರು ಬಟ್ಟೆ ಹೊದ್ದು ಕೂತಿತು. ನಮಾಜಿಗೆ ಮಾಡುವಂತೆ ಕೈಕಾಲು ಮುಖ ತೊಳೆದು ವುಜು ಮಾಡಿದವರೇ ಅದನ್ನು ಮುಟ್ಟಬೇಕು. ಮುಂದಿನ ಅಂಗಡಿಗಂತೂ ಅದು ಯಾವತ್ತೂ ಹೋಗಬಾರದು, ಅಲ್ಲಿ ಮಂದಿ ಚಪ್ಪಲಿ ಮೆಟ್ಟಿ ಬರುತ್ತಾರೆ, ಬೀಡಿ ಸೇದುತ್ತಾರೆ.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಜಮೀರನ ತಂದೆ ಇನಾಯತ ಕಾಕಾ ಅಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ಅಂಗಡಿಗೂ ಒಳಕೋಣೆಗೂ ನಡುವೆ ಒಂದು ಗೋಡೆ, ಒಂದು ಬಾಗಿಲು, ಬಾಗಿಲಿಗೊಂದು ದಪ್ಪ ಪರದೆ. ಒಳಕೋಣೆಗೆ ಕಿಟಕಿ ಇರಲಿಲ್ಲ, ತಗಡಿನ ಚಾವಣಿ. ಮಧ್ಯಾಹ್ನ ಅಲ್ಲಿ ಕೂತರೆ ಬೆನ್ನ ಮೇಲೆ ಬೆವರು ಹರಿಯುತ್ತಿತ್ತು. ಮಹಮುದಾ ಅಲ್ಲೇ ಇರುತ್ತಿದ್ದಳು. ಮದುವೆ ಮುಂಜಿಗೆ ಹೋಗುತ್ತಿದ್ದಳು, ಡಾಕ್ಟರ ಹತ್ತಿರ ಹೋಗುತ್ತಿದ್ದಳು. ಕೆಲಸಕ್ಕೆ ಮಾತ್ರ ಹೊಸ್ತಿಲು ದಾಟುವಂತಿರಲಿಲ್ಲ. ಅದೇ ಓಣಿಯ ಬಡ ಮುಸಲ್ಮಾನ ಹೆಂಗಸರು ಸಂತೆಯಲ್ಲಿ ಬಳೆ ಮಾರುತ್ತಿದ್ದರು, ಅವರಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ. ಇವರದು ಕುವೈತ್ ಕಂಡ ಮನೆ, ಮರ್ಯಾದೆಯ ಮನೆ. ನಗಬೇಡಿ, ನಮ್ಮಲ್ಲೂ ಅದೇ ಕತೆ. ಬುರ್ಖಾ ಇಲ್ಲ, ಸೆರಗು ಇದೆ. ನಮ್ಮ ಅಂಗಡಿಯ ಗಾದಿಯ ಮೇಲೆ ನಾನು ಇಂದಿಗೂ ಕೂತವಳಲ್ಲ.

ಜಮೀರ ಆ ಮಷೀನಿನ ಮುಂದೆ ನಾಲ್ಕು ದಿನ ಕೂತು ಬೇಸರಪಟ್ಟು ಬಿಟ್ಟ. ಮಹಮುದಾ ಬಿಡಲಿಲ್ಲ. ಮಧ್ಯಾಹ್ನದ ನಮಾಜಿಗೆ ಹೇಗಿದ್ದರೂ ವುಜು ಮಾಡಲೇಬೇಕು. ನಮಾಜು ಮುಗಿಸಿ, ಆ ಒದ್ದೆ ಕೈ ಒಣಗುವಷ್ಟರಲ್ಲಿ ಹಸಿರು ಬಟ್ಟೆ ಸರಿಸಿ ಕೂತುಬಿಡುತ್ತಿದ್ದಳು. ಜೊತೆಗೆ ಬಂದಿದ್ದ ಇಂಗ್ಲಿಷ್ ಪುಸ್ತಕ ಹಿಡಿದು, ಕೀಲಿ ನೋಡದೆ ಹತ್ತೂ ಬೆರಳಿನಲ್ಲಿ ಒತ್ತುವುದನ್ನು ತಾನೇ ಕಲಿತಳು. ವರ್ಷಗಳು ಹೋದಂತೆ ಅವಳ ಬೆರಳುಗಳ ಸಪ್ಪಳ ನಮ್ಮ ಪಡಸಾಲೆಗೂ ಕೇಳತೊಡಗಿತು. ಶೇಂಗಾ ಹುರಿಯುವಾಗ ಚಟಪಟ ಅನ್ನುತ್ತದಲ್ಲ, ಹಾಗೆ.

"ಇಷ್ಟು ಕಲತು ಏನ್ ಮಾಡಾಕಿ?" ಎಂದು ಒಮ್ಮೆ ಕೇಳಿದೆ.

"ಗೊತ್ತಿಲ್ಲ ವಿಜಕ್ಕ. ಬೆರಳಾದ್ರೂ ಓಡಾಡ್ಲಿ" ಅಂದಳು.

ಅತ್ತೆ ತೀರಿಕೊಂಡಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಮಹಮುದಾಳಿಗೆ ಆ ಕಾಲ ಬರಲಿಲ್ಲ. ಆಕೆ ಬದುಕಿದ್ದಿದ್ದರೆ ಒಂದಿಷ್ಟು ವಾದ ಮಾಡಬಹುದಿತ್ತು. ಸತ್ತವಳ ಮಾತಿಗೆ ಎದುರಾಡುವುದು ಹೇಗೆ? ಇನಾಯತ ಕಾಕಾ ಹೆಂಡತಿಯ ಮೇಲಿನ ಪ್ರೀತಿಗೆ ಆ ಮಷೀನನ್ನು ಇನ್ನೂ ಎಚ್ಚರದಿಂದ ಕಾಯ್ದರು, ಸೊಸೆಯನ್ನೂ ಕಾಯ್ದರು.

ಹೊಸ ಶತಮಾನ ಬಂತು. ರೇಡಿಯೋ ಕೇಳುವವರು ಕಡಿಮೆಯಾದರು. ಜಮೀರ ಸಾಂಗಲಿಗೆ ಹೋಗಿ ಒಂದು ಹೊಸ ಕಂಪ್ಯೂಟರ್, ಒಂದು ಪ್ರಿಂಟರ್ ತಂದು ಅಂಗಡಿಯಲ್ಲಿ ಇಟ್ಟ. ತಹಸೀಲ ಕಚೇರಿಗೆ ಬರುವ ಮಂದಿಗೆ ಮರಾಠಿಯಲ್ಲಿ ಅರ್ಜಿ ಟೈಪು ಮಾಡಿ ಕೊಡುವ ಕೆಲಸ. ಬೋರ್ಡು ಚಲೋ ಇತ್ತು, ಕುರ್ಚಿ ಚಲೋ ಇತ್ತು, ಟೈಪು ಮಾಡುವವನೇ ಸರಿ ಇರಲಿಲ್ಲ. ಒಂದೇ ಬೆರಳಿನಲ್ಲಿ ಕೋಳಿ ಕಾಳು ಕುಕ್ಕಿದಂತೆ ಕುಕ್ಕುತ್ತಿದ್ದ. ಒಂದು ಅರ್ಜಿ ಮುಗಿಯುವಷ್ಟರಲ್ಲಿ ಯಳವಿ ಹಳ್ಳಿಯಿಂದ ಬಂದವರು ಬಸ್ಸು ತಪ್ಪಿಸಿಕೊಳ್ಳುತ್ತಿದ್ದರು. ಕೇಳಿದರೆ ಕೀಬೋರ್ಡು ಬಿರುಸು ಅನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮಹಮುದಾಳಿಗೆ ಆಗ ಆಸೆ ಹುಟ್ಟಿತು. ಆ ಕುರ್ಚಿಯ ಮೇಲೆ ತಾನು ಕೂರಬೇಕು. ಬುರ್ಖಾ ಹಾಕಿಕೊಂಡೇ ಕೂರಲಿ, ಮೂಲೆಯಲ್ಲೇ ಕೂರಲಿ. ಆದರೆ ಹೊರಗೆ, ರಸ್ತೆ ಕಾಣುವ ಹಾಗೆ. ಬೇರೆ ಏನನ್ನೂ ಅವಳು ಕೇಳಿದ್ದು ನನಗೆ ನೆನಪಿಲ್ಲ. ಇದನ್ನು ಧೈರ್ಯ ಮಾಡಿ ಮಾವನ ಹತ್ತಿರ ಹೇಳಿದಳು.

ಇನಾಯತ ಕಾಕಾ ಬೈಯಲಿಲ್ಲ. ಅವರಿಗೆ ಬೈಯಲು ಬರುತ್ತಲೇ ಇರಲಿಲ್ಲ. "ಬ್ಯಾಡ ಬೇಟಿ. ಹೊರಗ ಧೂಳು, ಗದ್ದಲ, ನೂರಾರು ನಮೂನಿ ಮಂದಿ. ನಿನಗ್ಯಾಕ ತ್ರಾಸು? ನಾವಿಬ್ಬರು ಗಂಡಸರು ಅದೀವಲ್ಲ" ಅಂದರು. ಬೈದಿದ್ದರೆ ಅವಳು ಜಗಳವಾಡಬಹುದಿತ್ತು. ತಲೆಯ ಮೇಲೆ ಕೈ ಇಟ್ಟು ಬೇಡ ಅಂದವರ ಜೊತೆ ಜಗಳವಾಡುವುದು ಹೇಗೆ ಎಂದು ನನಗೂ ತಿಳಿಯದು.

ಅವಳು ಸುಮ್ಮನೆ ಕೂರಲಿಲ್ಲ. ಹಳೆಯ ಮಷೀನಿನ ಹಿಂಭಾಗದಲ್ಲಿ ಒಂದು ಅಗಲವಾದ ತೂತಿನ ಸಾಲು ಇತ್ತು. ಕುವೈತಿನಲ್ಲಿ ಅಲ್ಲಿಂದ ಪ್ರಿಂಟರಿಗೆ ವಾಯರ್ ಹಾಕುತ್ತಿದ್ದರಂತೆ, ಸೀರಿಯಲ್ ಪೋರ್ಟ್ ಎಂದು ಅದರ ಹೆಸರು. ಅಂಥದ್ದೇ ಒಂದು ಹೊಸ ಕಂಪ್ಯೂಟರಿನ ಬೆನ್ನಲ್ಲೂ ಇದೆ ಎಂದು ಜಮೀರ ಬಾಯಿಬಿಟ್ಟ. ಮಹಮುದಾ ಮಾವನಿಗೆ ಹೇಳಿದಳು: "ಮಾಮಾ, ಈ ಮಷೀನು ಹೊರಗ ಬರೂದು ಬ್ಯಾಡ, ನಾನೂ ಬರೂದಿಲ್ಲ. ಗ್ವಾಡಿಗೆ ಒಂದು ತೂತು ಹಾಕಿ ಎರಡಕ್ಕೂ ವಾಯರ್ ಜೋಡಸ್ರಿ. ನಾ ಒಳಗ ಒತ್ತತೀನಿ, ಹೊರಗ ಬೀಳ್ತೈತಿ."

ಇನಾಯತ ಕಾಕಾನ ಮುಖ ಅರಳಿತು. ಮುದುಕನಿಗೆ ಎಷ್ಟೋ ದಿನದ ಮೇಲೆ ಬೆಸುಗೆ ಹಾಕುವ ಕೆಲಸ ಸಿಕ್ಕಿತ್ತು. ಟೆಲಿಫೋನ್ ವಾಯರ್ ತಂದು, ಎರಡೂ ತುದಿಗೆ ಪಿನ್ನು ಬೆಸೆದು ಜೋಡಿಸಿದರು. ಏನೂ ಬರಲಿಲ್ಲ. ಬಿಚ್ಚಿದರು, ಮತ್ತೆ ಬೆಸೆದರು, ಆಗಲೂ ಬರಲಿಲ್ಲ. ಒಳಗೆ ಪುಸ್ತಕದ ಚಿತ್ರ ನೋಡುತ್ತ ಕೂತಿದ್ದ ಮಹಮುದಾ ಒಮ್ಮೆಲೆ ನಕ್ಕಳು. "ಮಾಮಾ, ಬಾಯಿಗೆ ಬಾಯಿ ಹಚ್ಚೀರಿ! ಇಬ್ಬರೂ ಮಾತಾಡಾಕ ಹತ್ಯಾರ, ಕೇಳವ್ರು ಯಾರೂ ಇಲ್ಲ. ಈ ಕಡೆ ಬಾಯಿ ಆ ಕಡೆ ಕಿವಿಗೆ ಹಚ್ರಿ." ಕಾಕಾ ಎರಡು ಎಳೆಗಳನ್ನು ಅದಲು ಬದಲು ಮಾಡಿದರು. ಹೊರಗಿನ ಕಂಪ್ಯೂಟರಿನ ಪರದೆಯ ಮೇಲೆ ಅಕ್ಷರಗಳು ಬಂದವು. ಮೊದಲು ಚೆಲ್ಲಾಪಿಲ್ಲಿ ಬಂದವು, ಎರಡೂ ಮಷೀನಿನ ಓಟ ಒಂದೇ ಮಾಡಿದ ಮೇಲೆ ಸರಿಯಾಗಿ ಬಂದವು.

ಹಳೆಯ ಮಷೀನಿಗೆ ಮರಾಠಿ ಬಾರದು. ಹೊಸದರಲ್ಲಿ ಯಾವ ಇಂಗ್ಲಿಷ್ ಕೀಲಿ ಒತ್ತಿದರೆ ಯಾವ ಮರಾಠಿ ಅಕ್ಷರ ಬೀಳುತ್ತದೆ ಎಂಬುದನ್ನು ಮಹಮುದಾ ಬಾಯಿಪಾಠ ಮಾಡಿದಳು. ಒಳಗೆ ಅವಳ ಟಿವಿಯ ಮೇಲೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು ಸಾಲುಗಟ್ಟುತ್ತಿದ್ದವು. ಅವೇ ಹೊರಗಿನ ಪರದೆಯ ಮೇಲೆ ಶುದ್ಧ ಮರಾಠಿ ಅರ್ಜಿಯಾಗಿ ನಿಲ್ಲುತ್ತಿದ್ದವು. ಜಮೀರ ಕಚ್ಚಾ ಬರಹವನ್ನು ಬಾಗಿಲ ಪರದೆಯ ಸಂದಿನಿಂದ ಒಳಗೆ ಚಾಚುತ್ತಿದ್ದ, ಗಿರಾಕಿ ಚಹಾ ಕುಡಿದು ಮುಗಿಸುವಷ್ಟರಲ್ಲಿ ಕಾಗದ ಸಿದ್ಧ. ಅವಳು ಬರೆದದ್ದು ಅಕ್ಷರವಾಗಿ ನಿಂತದ್ದನ್ನು ಎಲ್ಲರೂ ನೋಡುತ್ತಿದ್ದರು, ಅವಳೊಬ್ಬಳಿಗೆ ಮಾತ್ರ ಅದು ಕಾಣುತ್ತಿರಲಿಲ್ಲ. ನನಗಂತೂ ಸಿಟ್ಟು ಬರುತ್ತಿತ್ತು.

"ತಡಿ ವಿಜಕ್ಕ" ಅನ್ನುತ್ತಿದ್ದಳು ಅವಳು. "ಮೊದಲ ನನ್ನ ಕೆಲಸ ನೋಡ್ಲಿ. ಒಂದ್ಸಲ ನೋಡಿದ್ರಂದ್ರ ಅವರಾ ಹೊರಗ ಕರೀತಾರ."

ಯಾರೂ ಕರೆಯಲಿಲ್ಲ. ಕರೆಯುವುದಾದರೂ ಯಾಕೆ? ವಾಯರ್ ಇತ್ತಲ್ಲ! ಕೆಲಸ ಸರಾಗವಾಗಿ ಸಾಗಿದಷ್ಟೂ ಅವಳು ಹೊರಗೆ ಬರುವ ಕಾರಣ ಕಡಿಮೆಯಾಗುತ್ತ ಹೋಯಿತು. ಮೊದಲು ಅರ್ಜಿ ಇಲ್ಲದ ಹೊತ್ತಿನಲ್ಲಿ ನಮ್ಮ ಮನೆಯ ಕಟ್ಟೆಗಾದರೂ ಬಂದು ಕೂರುತ್ತಿದ್ದಳು. ಈಗ ಅದಕ್ಕೂ ಬಿಡುವಿಲ್ಲ, ಪರದೆಯ ಸಂದಿನಿಂದ ಕಾಗದ ಬರುತ್ತಲೇ ಇರುತ್ತಿತ್ತು. ತಗಡಿನ ಕೆಳಗೆ, ಟಿವಿಯ ಕಾವಿಗೆ ಮುಖ ಕೊಟ್ಟು ಕೂತ ಅವಳನ್ನು ನೋಡಿದರೆ ತಾನು ನೇಯ್ದ ಗೂಡಿನೊಳಗೆ ತಾನೇ ಉಳಿದ ರೇಷ್ಮೆಹುಳು ನೆನಪಾಗುತ್ತಿತ್ತು. ಒಂದು ಮಧ್ಯಾಹ್ನ ನಾನು ಹೋದಾಗ ಮಷೀನಿನ ಮೇಲೆ ತಲೆ ಇಟ್ಟು ಅಳುತ್ತಿದ್ದಳು. "ಉಸಿರ ಕಟ್ಟಿದಂಗ ಆಗತೈತಿ ಅಕ್ಕಾ. ಬಸ್ಸಿನ ಹಾರ್ನ್ ಕೇಳಿ ಇದು ಮುಚ್ಚಂಡಿ ಬಸ್ಸು, ಇದು ಬೆಳುಂಕಿ ಬಸ್ಸು ಅಂತ ಹೇಳ್ತೀನಿ. ಯಾವ ಬಣ್ಣ ಅದಾವೋ ಮರ್ತು ಹೋಗೇತಿ" ಅಂದಳು. ನಾನು ಅವಳ ಬೆನ್ನು ಸವರಿದೆ.

ಹೀಗಿರುವಾಗ ಬಸ್ ಸ್ಟ್ಯಾಂಡಿನ ಕಡೆ, ನಮ್ಮಿಂದ ಹತ್ತಾರು ಅಂಗಡಿ ಆಚೆ, ಒಂದು ಮಾಳಿಗೆಯ ಮೇಲೆ ಶಿದ್ರಾಯ ಸರ್ ಅನ್ನುವವರು ಕಂಪ್ಯೂಟರ್ ಕ್ಲಾಸು ತೆಗೆದರು. ಹಳ್ಳಿಗಳಿಂದ ಹುಡುಗಿಯರೂ ಬಂದು ಸೇರಿದರು. ಆದರೆ ಕಲಿಸಲು ಬಾಯಿಯವರು, ಅಂದರೆ ಶಿಕ್ಷಕಿ, ಯಾರೂ ಇಲ್ಲ ಎಂದು ತಂದೆತಾಯಿಗಳು ಒಬ್ಬೊಬ್ಬರನ್ನೇ ಬಿಡಿಸತೊಡಗಿದರು. ಸರ್ ಒಂದು ದಿನ ಏನೋ ಟೈಪು ಮಾಡಿಸಲು ಅಂಗಡಿಗೆ ಬಂದರು. ಜಮೀರ ಕೈಕಟ್ಟಿ ಕೂತಿದ್ದ, ಪರದೆಯ ಮೇಲೆ ಸಾಲುಗಳು ತಾವೇ ಬೀಳುತ್ತಿದ್ದವು. ಸರ್ ಬೆಚ್ಚಿದರು.

"ಇದೇನ್ರೀ, ಭೂತ ಐತೇನು?"

"ಇಲ್ರಿ ಸರ್. ಒಳಗ ನಮ್ಮ ಮನಿಯಾಕಿ ಟೈಪ್ ಮಾಡಾಕತ್ಯಾಳ" ಎಂದ ಜಮೀರ. ಸುಳ್ಳು ಹೇಳುವ ಮನುಷ್ಯನಲ್ಲ ಅವನು.

ಸರ್ ತಮ್ಮ ಕಷ್ಟವನ್ನೆಲ್ಲ ಹೇಳಿಕೊಂಡರು. ಕೊನೆಗೆ, "ಇವರನ್ನ ದಿನಾ ಸಂಜಿಮುಂದ ಒಂದು ತಾಸು ಕಳಸ್ರಿ ಕಾಕಾ. ನನ್ನ ಕ್ಲಾಸು ಉಳಿತೈತಿ, ಆ ಹುಡುಗ್ಯಾರ ಕಲಿಯೂದೂ ಉಳಿತೈತಿ" ಎಂದು ಕೈಮುಗಿದರು.

ನಾನು ಆಗ ಒಳಗೇ ಇದ್ದೆ. ಮಹಮುದಾ ಟೈಪು ಮಾಡುವುದನ್ನು ನಿಲ್ಲಿಸಿದ್ದಳು. ನನ್ನ ಮುಂಗೈ ಹಿಡಿದಿದ್ದಳು. ಹೊರಗಿನಿಂದ ಇನಾಯತ ಕಾಕಾನ ದನಿ ಕೇಳಿತು, ದೊಡ್ಡ ಉಪಾಯ ಹೊಳೆದವರ ಖುಷಿಯ ದನಿ.

"ಆಕಿನ್ನ ಯಾಕ ಕಳಸೂದ್ರಿ ಸರ್? ವಾಯರ್ ಕಳಸೋಣ!"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದಂತೆ ಆಯಿತು. ಮಹಮುದಾ ನನ್ನ ಕೈ ಬಿಟ್ಟಳು. ಅರ್ಧಕ್ಕೆ ನಿಂತಿದ್ದ ಅರ್ಜಿಯನ್ನು ಮುಂದುವರಿಸಿದಳು.

ಕಾಕಾ ಖರೇನೇ ವಾಯರ್ ಎಳೆದರು. ಆ ವಯಸ್ಸಿನಲ್ಲಿ ಏಣಿ ಹತ್ತಿ, ಟಿವಿ ಕೇಬಲ್ ಹಾಯ್ದ ದಾರಿಯಲ್ಲೇ, ನಮ್ಮ ಅಂಗಡಿಯ ಮುಂಗಟ್ಟಿನಿಂದ ಹಿಡಿದು ಕಬ್ಬಿಣದ ಅಂಗಡಿ, ಔಷಧಿ ಅಂಗಡಿ, ಚಹಾದಂಗಡಿಗಳ ಮೇಲಿಂದ ಆ ಮಾಳಿಗೆಯವರೆಗೆ. ದೂರ ಹೆಚ್ಚಾಗಿ ಅಕ್ಷರ ಒಡೆಯುತ್ತಿದ್ದವು, ಎರಡೂ ಕಡೆ ಓಟ ತಗ್ಗಿಸಿದ ಮೇಲೆ ನೆಟ್ಟಗಾದವು. ಮಹಮುದಾ ಬರೆದದ್ದು ಕ್ಲಾಸಿನ ಪರದೆಯ ಮೇಲೂ ಬೀಳುತ್ತಿತ್ತು, ಅಂಗಡಿಯ ಪರದೆಯ ಮೇಲೂ ಬೀಳುತ್ತಿತ್ತು. ಹುಡುಗಿಯರು ಅಲ್ಲಿಂದ ಬರೆದದ್ದು ಅವಳ ಟಿವಿಗೆ ಬರುತ್ತಿತ್ತು. ಬಾಯಿಯವರು ಸಿಕ್ಕರೆಂದು ಕ್ಲಾಸು ಮತ್ತೆ ತುಂಬಿತು. ಊರೆಲ್ಲ ಕಾಕಾನನ್ನು ಹೊಗಳಿತು. ಮನೆಯ ಮರ್ಯಾದೆಯೂ ಉಳಿಯಿತು, ಸೊಸೆಯ ವಿದ್ಯೆಯೂ ದಾರಿಗೆ ಹತ್ತಿತು ಎಂದು ಅವರು ಬಂದವರಿಗೆಲ್ಲ ಕಂಪ್ಯೂಟರಿನ ಪರದೆ ತೋರಿಸಿ ಹೇಳುತ್ತಿದ್ದರು. ಅವರ ಕಣ್ಣಲ್ಲಿ ಸಂತೋಷ ಎಷ್ಟಿತ್ತೆಂದರೆ ಬೈಯಬೇಕೆಂದು ಹೋದ ನಾನು ಬೈಯದೆ ಬಂದೆ.

ಒಂದು ಸಂಜೆ ನಾನು ಮಹಮುದಾಳ ಪಕ್ಕದಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದೆ. ಪಾಠ ನಡೆದಿತ್ತು. ಯಾವ ಬೆರಳು ಯಾವ ಕೀಲಿಯ ಮೇಲೆ ಇರಬೇಕು ಎಂದು ಅವಳು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಮಾತು ಬರೆದು ಕಳಿಸುತ್ತಿದ್ದಳು. ಬೆಳುಂಕಿಯಿಂದ ಬಸ್ಸಿನಲ್ಲಿ ಬರುವ ರುಕ್ಸಾರ ಎಂಬ ಹುಡುಗಿ ಮತ್ತೆ ಮತ್ತೆ ತಪ್ಪು ಮಾಡುತ್ತಿದ್ದಳು. ಮಹಮುದಾ ಮೂರು ನಮೂನೆಯಲ್ಲಿ ಬಿಡಿಸಿ ಬರೆದಳು. ಸ್ವಲ್ಪ ಹೊತ್ತಿಗೆ ಟಿವಿಯ ಮೇಲೆ ಒಂದೊಂದೇ ಅಕ್ಷರ ತಡಕಾಡುತ್ತ ಬಂದು ಉತ್ತರವಾಯಿತು. ಮಹಮುದಾ ಅದನ್ನು ನನಗೆ ಓದಿ ಹೇಳಿದಳು: "ಬಾಯಿ, ತಿಳಿವಲ್ತು. ಒಂದ್ಸಲ ಬಂದು ನನ್ನ ಬೆರಳ ಹಿಡದು ತೋರಸ್ರಿ."

ಓದಿದವಳು ತನ್ನ ಕೈಗಳನ್ನು ನೋಡಿಕೊಂಡಳು.

"ಆ ಹುಡುಗಿ ಬೆಳುಂಕಿಯಿಂದ ಬಂದಾಳ, ವಿಜಕ್ಕ. ಅಷ್ಟ ದೂರದಿಂದ. ನನಗ ಹತ್ತ ಅಂಗಡಿ ದಾಟಾಕಾಗವಲ್ದು" ಅಂದಳು. ದನಿ ಗಟ್ಟಿಯಾಗಿತ್ತು. ಎದ್ದು ಗೂಟದ ಮೇಲಿನ ಬುರ್ಖಾ ತೆಗೆದುಕೊಂಡಳು. "ನೀ ಇಲ್ಲಿ ಕುಂದ್ರು. ಏನರ ಒತ್ತತಿರು. ಅಕ್ಷರ ನಿಂತ್ರ ಲೈನ್ ಹೋತಂತ ಹುಡುಗ್ಯಾರು ಬಸ್ಸಿಗೆ ಎದ್ದಬಿಡ್ತಾರ."

ವುಜು ಮಾಡುವಷ್ಟು ಹೊತ್ತಿರಲಿಲ್ಲ, ಸೊಪ್ಪು ಬಿಡಿಸಿದ ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಅವಳ ಜಾಗದಲ್ಲಿ ಕೂತು, ಬೆರಳಿಗೆ ಸಿಕ್ಕ ಒಂದು ಕೀಲಿಯನ್ನು ಒತ್ತುತ್ತಲೇ ಹೋದೆ. ಅವಳು ಪರದೆ ಸರಿಸಿ ಅಂಗಡಿಗೆ ಕಾಲಿಟ್ಟಳು. ಪರದೆ ಪೂರ್ತಿ ಮುಚ್ಚಲಿಲ್ಲ, ಸಂದಿನಿಂದ ನನಗೆ ಎಲ್ಲ ಕಾಣುತ್ತಿತ್ತು. ಜಮೀರ ಇರಲಿಲ್ಲ. ಇನಾಯತ ಕಾಕಾ ಹೊಸ ಕಂಪ್ಯೂಟರಿನ ಮುಂದೆ ಒಬ್ಬರೇ ಕೂತಿದ್ದರು, ದಿನದಂತೆ ಸೊಸೆಯ ಪಾಠ ನೋಡುತ್ತ.

"ಎಲ್ಲಿಗೆ ಬೇಟಿ?"

ಮಹಮುದಾ ಏನು ಹೇಳಬೇಕೆಂದು ಮೊದಲೇ ಯೋಚಿಸಿರಲಿಲ್ಲ ಎಂದು ಕಾಣುತ್ತದೆ. ಬಾಗಿಲ ಹತ್ತಿರ ನಿಂತು, "ವಾಯರ್ ಎಲ್ಲೋ ಕಡದೈತ್ರಿ ಮಾಮಾ. ನೋಡಿ ಬರ್ತೀನಿ" ಅಂದಳು.

ಜೀವಮಾನವೆಲ್ಲ ವಾಯರಿನ ಜೊತೆ ಕಳೆದ ಮುದುಕ. ಅವರ ಮುಂದಿನ ಪರದೆಯ ಮೇಲೆ ನಾನು ಒತ್ತುತ್ತಿದ್ದ ಅಕ್ಷರ ಒಂದರ ಹಿಂದೆ ಒಂದು ಬಂದು ಬೀಳುತ್ತಲೇ ಇತ್ತು. ಕಾಕಾ ಅದನ್ನು ನೋಡಿದರು. ಸೊಸೆಯನ್ನು ನೋಡಿದರು. ಮತ್ತೆ ಪರದೆಯನ್ನು ನೋಡಿದರು. ಕೈಬಿಡಲು ನನಗೆ ಧೈರ್ಯವಿರಲಿಲ್ಲ, ಒತ್ತಲೂ ಧೈರ್ಯವಿರಲಿಲ್ಲ. ಬೆರಳು ಕೀಲಿಯ ಮೇಲೇ ನಿಂತು ಸಾಲು ಉದ್ದವಾಗುತ್ತ ಹೋಯಿತು.

ಕಾಕಾ ಕೈ ಚಾಚಿ ಪರದೆಯನ್ನು ಆರಿಸಿದರು.

"ಹೌದು, ಕಡದೈತಿ" ಅಂದರು. "ಆ ಕಡೆ ತುದೀಗೆ ಕಡದಿರಬೇಕು. ಗಡಿಬಿಡಿ ಮಾಡಬ್ಯಾಡ ಬೇಟಿ, ಪೂರಾ ನೋಡಿ ಬಾ."

ಅವಳು ರಸ್ತೆಗೆ ಇಳಿದಳು. ಅವರು ಬಾಗಿಲಿಗೆ ಬಂದು, ಅವಳು ಮಾಳಿಗೆಯ ಮೆಟ್ಟಿಲು ಹತ್ತುವವರೆಗೂ ನಿಂತು ನೋಡಿದರು. ಚಹಾದಂಗಡಿಯಿಂದ ಯಾರೋ, "ಏನ್ ಕಾಕಾ, ಸೊಸಿ ಎಲ್ಲಿಗೆ ಹೊಂಟಾಳ?" ಎಂದು ಕೇಳಿದರು. "ಲೈನ್ ಕಡದೈತ್ರಿ, ಆಕಿಗೆ ಬಿಟ್ಟು ಮತ್ತ ಯಾರಿಗೂ ತಿಳಿಯೂದಿಲ್ಲ" ಎಂದು ಕಾಕಾ ಗಟ್ಟಿಯಾಗಿ ಹೇಳಿದರು.

ಮರುದಿನ ಸಂಜೆಯೂ ಲೈನು ಕಡಿಯಿತು. ಅದರ ಮರುದಿನವೂ ಕಡಿಯಿತು. ಆಮೇಲೆ ಕಾಕಾ ಇರುವವರೆಗೂ ಆ ಲೈನು ದಿನಾ ಸಂಜೆ ಕ್ಲಾಸಿನ ಹೊತ್ತಿಗೆ ಸರಿಯಾಗಿ ಕಡಿಯುತ್ತಿತ್ತು.